ಅಕಾಲಮೃತ್ಯುವೂ ಹಣೆಯ ಬರಹವೂ

ಮನೆಯೊಂದರಲ್ಲಿ ಸಾವು ಸಂಭವಿಸಿದ ಕೆಲವು ದಿನಗಳ ಬಳಿಕ ಶಿವಗಣಾರಾಧನೆಯ ಆಹ್ವಾನ ಪತ್ರಿಕೆಯು ಬಂಧುಬಾಂಧವರ ಕೈಸೇರುವುದು ವೀರಶೈವ ಸಮಾಜದಲ್ಲಿ ರೂಢವಾಗಿದೆ. ಎಂಬತ್ತು ವರುಷ ಬಾಳಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಕೈಲಾದ ಕಾಯಕವನ್ನು ಮಾಡಿ ಮುಗಿಸಿ ಕಣ್ಮುಚ್ಚಿದ ಹಿರಿಯರ ಹೆಸರಿನೊಡನೆ ‘ಲಿಂಗೈಕ್ಯ’ ಎಂಬ ಶಬ್ದವನ್ನು ಕಂಡಾಗ ಓದುವವರ ಮನಸ್ಸಿಗೆ ಒಂದು ಬಗೆಯ ಸಮಾಧಾನವುಂಟಾಗುತ್ತದೆ. ಹಣ್ಣಾದ ಎಲೆಯು ಉದುರಿತೆಂದು ಅವರು ತಿಳಿಯುತ್ತಾರೆ. ಆದರೆ ಅದೇ ಶಬ್ದವು ಹದಿನೇಳು ವರುಷದ ಬಾಲಕನೊಬ್ಬನ ಭಾವಚಿತ್ರದ ಕೆಳಗೆ, ಅದೇ ಅಕ್ಷರಗಳಲ್ಲಿ, ‘ವಿಧಿಲಿಖಿತದಂತೆ’ ಎಂಬ ವಿಶೇಷಣದೊಡನೆ ಅಚ್ಚಾಗಿ ಬಂದಾಗ ಆ ಸಮಾಧಾನವು ಎಲ್ಲಿಂದ ಬರಬೇಕು? ಹುಡುಗನು ತಂದೆಯ ಮೋಟಾರು ಸೈಕಲನ್ನೇರಿ, ತಲೆಗೆ ಶಿರಸ್ತ್ರಾಣವಿಲ್ಲದೆ, ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಿದ್ದನೆಂಬುದು ಆಹ್ವಾನಿತರೆಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಎಲ್ಲರೂ ವಿಧಿಯೆನ್ನುತ್ತಾರೆ. ಹೀಗೆನ್ನುವುದು ಧರ್ಮವೋ, ಅಥವಾ ಧರ್ಮದ ಮರೆಯಲ್ಲಿ ಕರ್ತವ್ಯವನ್ನು ತಪ್ಪಿಸಿಕೊಳ್ಳುವ ಉಪಾಯವೋ ಎಂಬುದು ಗೃಹಸ್ಥನಾದವನು ಶಾಂತಚಿತ್ತದಿಂದ ಆಲೋಚಿಸಬೇಕಾದ ಪ್ರಶ್ನೆ.

ವಿಧಿಯೆಂಬ ಮಾತು ನಿಷ್ಕಾರಣವಾಗಿ ಹುಟ್ಟಿದುದಲ್ಲ. ಒಂದು ಕಾಲದಲ್ಲಿ ಅದಕ್ಕೆ ಅರ್ಥವಿತ್ತು. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಾಗ ಜನರು ಮನೆಗೆ ಬೀಗವಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೆಳಗ್ಗೆ ಮಗನನ್ನು ಮಣ್ಣುಮಾಡಿ ಬಂದ ತಂದೆಯನ್ನು ಸಂಜೆ ಮಣ್ಣುಮಾಡಬೇಕಾದ ದಿನಗಳವು. ಇಲಿಯ ಮೈಮೇಲಿನ ಚಿಗಟಕ್ಕೂ ಮನುಷ್ಯನ ಕಂಕುಳ ಗಂಟಿಗೂ ಇರುವ ಸಂಬಂಧವು ಆ ರೈತನಿಗೆ ತಿಳಿದಿರಲಿಲ್ಲ. ಆಗಿನ ವೈದ್ಯರಲ್ಲಿಯೂ ಬಹುಮಂದಿಗೆ ತಿಳಿದಿರಲಿಲ್ಲ. ತಿಳಿಯದುದಕ್ಕೆ ವಿಧಿಯೆಂದು ಹೆಸರಿಟ್ಟು ಎದೆಯನ್ನು ಗಟ್ಟಿಮಾಡಿಕೊಂಡರೆ ಅವನನ್ನು ಯಾರೂ ನಿಂದಿಸಲಾರರು. ಆದರೂ ಆ ವರುಷವೇ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಹಾಫ್‌ಕಿನ್ ಎಂಬ ವಿಜ್ಞಾನಿಯು ಸಿದ್ಧಪಡಿಸಿದ ಚುಚ್ಚುಮದ್ದನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸತ್ತವರು ಹಾಕಿಸಿಕೊಳ್ಳದವರಿಗಿಂತ ಎಷ್ಟೋ ಕಡಮೆ. ಒಂದೇ ಓಣಿಯ ಅಕ್ಕಪಕ್ಕದ ಮನೆಗಳವರ ಹಣೆಯ ಬರಹವನ್ನು ಒಂದು ಸೂಜಿಯು ಬೇರ್ಪಡಿಸಿತೆನ್ನಬೇಕೆ?

ಸಿಡುಬಿನ ಕಥೆಯೂ ಇದೇ. ಅಮ್ಮನ ಕೋಪವೆಂದು ಬೇವಿನ ಸೊಪ್ಪು ಕಟ್ಟಿ ಕಾಯುತ್ತಿದ್ದ ರೋಗವು 1975ರ ಬಳಿಕ ಭಾರತದಲ್ಲಿ ಕಾಣಿಸಿಕೊಂಡಿಲ್ಲ. 1980ರಲ್ಲಿ ಅದು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಇನ್ನು ಶಿಶುಗಳ ಮಾತು. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ಒಂದು ವರುಷ ತುಂಬುವ ಮೊದಲೇ ಮಡಿಯುತ್ತಿದ್ದವು. 2023ರಲ್ಲಿ ಆ ಸಂಖ್ಯೆ 25. ಬ್ರಹ್ಮನು ಅರ್ಧ ಶತಮಾನದಲ್ಲಿ ತನ್ನ ಲೇಖನಿಯನ್ನು ಬದಲಿಸಲಿಲ್ಲ. ಬದಲಾದುವು ಸೂಲಗಿತ್ತಿಯ ಕುಡುಗೋಲು, ಕುಡಿಯುವ ನೀರು, ತಾಯಿಯ ಊಟ, ಲಸಿಕೆಯ ಪೆಟ್ಟಿಗೆ. ಹಣೆಯಲ್ಲಿ ಬರೆದುದು ಇಷ್ಟು ಸುಲಭವಾಗಿ ಅಳಿಸಿಹೋಗುವುದಾದರೆ ಅದನ್ನು ಬರಹವೆಂದು ಕರೆದುದೇ ಅವಸರವಾಯಿತೆನ್ನಬೇಕು.

ಪ್ರಾಚೀನರಿಗೆ ಈ ವಿವೇಕವಿರಲಿಲ್ಲವೆಂದು ಭಾವಿಸಬಾರದು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು ಗುರುವಾದ ಆತ್ರೇಯನನ್ನು ಇದೇ ಪ್ರಶ್ನೆಯನ್ನು ಕೇಳುತ್ತಾನೆ: ಆಯುಷ್ಯದ ಪ್ರಮಾಣವು ಎಲ್ಲರಿಗೂ ನಿಯತವಾದುದೋ ಅಲ್ಲವೋ? ಎಲ್ಲವೂ ನಿಯತವೇ ಆಗಿದ್ದರೆ ಔಷಧಿಯಿಂದ ಪ್ರಯೋಜನವಿಲ್ಲ, ಮದವೇರಿ ಓಡಿಬರುವ ಆನೆಯಿಂದ ದೂರ ಸರಿಯುವ ಅವಶ್ಯಕತೆಯೂ ಇಲ್ಲ ಎಂಬುದು ಆ ಋಷಿಯ ಉತ್ತರದ ತಾತ್ಪರ್ಯ. ಆಮೇಲೆ ಅವನು ಬಂಡಿಯ ಅಚ್ಚಿನ ದೃಷ್ಟಾಂತವನ್ನು ಕೊಡುತ್ತಾನೆ. ಒಳ್ಳೆಯ ಮರದ ಅಚ್ಚು ಸರಿಯಾಗಿ ನಡೆಸಿದರೆ ತನ್ನ ಕಾಲಕ್ಕೆ ತಾನೇ ಸವೆದು ಮುಗಿಯುತ್ತದೆ, ಅದು ಕಾಲಮೃತ್ಯು. ಅದೇ ಅಚ್ಚು ಮಿತಿಮೀರಿದ ಭಾರದಿಂದಲೋ, ಹಳ್ಳತಿಟ್ಟಿನ ದಾರಿಯಿಂದಲೋ, ಎತ್ತಿನ ಅಥವಾ ಸಾರಥಿಯ ದೋಷದಿಂದಲೋ, ಕೀಲು ಕಳಚಿಯೋ, ಎಣ್ಣೆಯಿಲ್ಲದೆಯೋ ನಡುದಾರಿಯಲ್ಲಿ ಮುರಿದರೆ ಅದು ಅಕಾಲಮೃತ್ಯು. ಮಿತಿಮೀರಿದ ಭಾರ, ಕೆಟ್ಟ ದಾರಿ, ಸಾರಥಿಯ ದೋಷ — ಇಂದಿನ ಪೊಲೀಸು ಠಾಣೆಯ ಅಪಘಾತದ ವರದಿಯೂ ಇವನ್ನೇ ಬರೆದುಕೊಳ್ಳುತ್ತದೆ. ಇಷ್ಟು ಸ್ಪಷ್ಟವಾದ ಶಾಸ್ತ್ರವನ್ನು ಮನೆಯಲ್ಲಿಟ್ಟುಕೊಂಡು ವಿಧಿಯೆಂದು ಕೈಚೆಲ್ಲುವವರನ್ನು ಶಾಸ್ತ್ರಾಭಿಮಾನಿಗಳೆಂದು ಹೇಗೆ ಕರೆಯುವುದು?

ಅಚ್ಚು ಎಲ್ಲಿ ಮುರಿಯಿತೆಂದು ತಿಳಿಯಲು ಮುರಿದ ಅಚ್ಚುಗಳನ್ನು ಎಣಿಸಬೇಕು. ಸಾವನ್ನು ಎಣಿಸುವುದು ಅಮಂಗಳವೆಂದು ಕೆಲವರು ಹಿಂಜರಿಯುವುದುಂಟು. 1662ರಲ್ಲಿ ಲಂಡನ್ ನಗರದ ಜಾನ್ ಗ್ರಾಂಟ್ ಎಂಬ ಬಟ್ಟೆಬರೆಯ ವ್ಯಾಪಾರಿಯು ಅಲ್ಲಿಯ ಮರಣಗಳ ವಾರದ ಪಟ್ಟಿಗಳನ್ನು ಕೂಡಿಸಿ ಕಳೆದು ಒಂದು ಗ್ರಂಥವನ್ನೇ ಪ್ರಕಟಿಸಿದನು; ಹುಟ್ಟಿದ ನೂರರಲ್ಲಿ ಮೂವತ್ತಾರು ಮಕ್ಕಳು ಆರು ವರುಷ ತುಂಬುವ ಮೊದಲೇ ಸಾಯುತ್ತಾರೆಂದು ಅವನು ಲೆಕ್ಕ ಹಾಕಿದನು. ಒಂದೊಂದು ಮನೆಯ ಕಣ್ಣೀರೆಂದು ತೋರುತ್ತಿದ್ದುದು ಇಡೀ ನಗರದ ನಡವಳಿಕೆಯೆಂದು ಅಂದು ಮೊದಲ ಬಾರಿಗೆ ಕಂಡಿತು. ಭಾರತದಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸದ ಸಾವುಗಳೇ ಹೆಚ್ಚಾದುದರಿಂದ, 2001ರ ಬಳಿಕ ತರಬೇತಿ ಪಡೆದವರು ಸಾವಾದ ಮನೆಗಳಿಗೆ ಹೋಗಿ, ರೋಗಿಯ ಕೊನೆಯ ದಿನಗಳ ವಿವರವನ್ನು ಮನೆಯವರ ಬಾಯಿಂದಲೇ ಕೇಳಿ ಬರೆದುಕೊಂಡು, ವೈದ್ಯರಿಂದ ಕಾರಣವನ್ನು ನಿರ್ಣಯಿಸುವ ಕ್ರಮವು ಲಕ್ಷಾಂತರ ಮನೆಗಳಲ್ಲಿ ನಡೆದಿದೆ.

ಈ ಎಣಿಕೆಯಿಂದ ತಿಳಿದುಬಂದ ಮುಖ್ಯವಾದ ಸಂಗತಿಯೇನೆಂದರೆ, ಮೃತ್ಯುವು ಪ್ರತಿಯೊಂದು ವಯಸ್ಸಿನ ಮನೆಗೂ ಬೇರೆ ಬೇರೆ ಬಾಗಿಲಿನಿಂದ ಬರುತ್ತದೆ. ನವಜಾತ ಶಿಶುವಿಗೆ ದಿನತುಂಬದ ಹೆರಿಗೆ, ಕಡಮೆ ತೂಕ, ಉಸಿರುಕಟ್ಟು. ಆಮೇಲೆ ನ್ಯುಮೋನಿಯಾ, ಅತಿಸಾರ. ಮೂವತ್ತು ದಾಟಿದವರಿಗೆ ಹೃದಯ ಮತ್ತು ರಕ್ತನಾಳಗಳ ರೋಗಗಳೇ ಮೊದಲು. ದೇಶದ ಒಟ್ಟು ಮರಣಗಳಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಇವುಗಳದೇ. ವಿಚಿತ್ರವೆಂದರೆ ನಡುವಣ ವಯಸ್ಸಿನದು. ಹತ್ತರಿಂದ ಇಪ್ಪತ್ತರವರೆಗೆ ಶರೀರವು ಅತ್ಯಂತ ದೃಢವಾಗಿರುತ್ತದೆ. ರೋಗಗಳು ಈ ವಯಸ್ಸಿನವರನ್ನು ಮುಟ್ಟಲು ಅಂಜುತ್ತವೆ. ರೋಗವು ಕೊಲ್ಲಲಾರದ ವಯಸ್ಸಿನವರನ್ನು ಕೊಲ್ಲುವುದು ರಸ್ತೆ, ನೀರು, ವಿಷ, ಹಗೆತನ, ಅಕಾಲದ ಬಸಿರು. ಜಗತ್ತಿನಲ್ಲಿ 5ರಿಂದ 29 ವರುಷದವರ ಸಾವಿಗೆ ರಸ್ತೆಯ ಅಪಘಾತವೇ ಮೊದಲ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1ರಿಂದ 19 ವರುಷದವರ ಸಾವಿನ ಕಾರಣಗಳಲ್ಲಿ ಬಹುಕಾಲ ಮೋಟಾರು ವಾಹನವೇ ಮುಂದಿತ್ತು. 2020ರಲ್ಲಿ ಬಂದೂಕು ಅದನ್ನು ಹಿಂದಿಕ್ಕಿತು. ಬಂದೂಕು ಸುಲಭವಾಗಿ ದೊರೆಯದ ದೇಶಗಳ ಮಕ್ಕಳ ಪಟ್ಟಿಯಲ್ಲಿ ಅದಕ್ಕೆ ಇಂತಹ ಸ್ಥಾನವಿಲ್ಲ. ಮಕ್ಕಳ ಹಣೆಯ ಬರಹವು ಆಯಾ ದೇಶದ ಅಂಗಡಿಯಲ್ಲಿ ಏನು ಮಾರುತ್ತಾರೆಂಬುದನ್ನು ಅವಲಂಬಿಸಿರುವುದು ಸೋಜಿಗವಲ್ಲವೆ?

ರಸ್ತೆಯ ವಿಷಯದಲ್ಲಿ ಗೃಹಸ್ಥರು ನೇರವಾಗಿಯೇ ಹೊಣೆಗಾರರು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನರು. ದಿನವೊಂದಕ್ಕೆ 460ಕ್ಕೂ ಹೆಚ್ಚು. ಇವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹದಿನೆಂಟು ತುಂಬದ ಮಕ್ಕಳು 9,500ಕ್ಕೂ ಹೆಚ್ಚು. ಶಿರಸ್ತ್ರಾಣ ಧರಿಸದೆ ಸತ್ತವರೇ 50,029 ಮಂದಿ. ಶಿರಸ್ತ್ರಾಣವು ಸಾವಿನ ಸಂಭವವನ್ನು ನೂರಕ್ಕೆ ಸುಮಾರು 40ರಷ್ಟು ತಗ್ಗಿಸುತ್ತದೆಂದು ಪರೀಕ್ಷಿಸಿದವರು ಹೇಳಿದ್ದಾರೆ. ಅಂದರೆ ಆ ಐವತ್ತು ಸಾವಿರದಲ್ಲಿ ಸಾವಿರ ಸಾವಿರ ಮಂದಿ ಇಂದು ಬದುಕಿರುತ್ತಿದ್ದರು. ಬದುಕಿರುತ್ತಿದ್ದವರು ಯಾರೆಂದು ಹೆಸರು ಹಿಡಿದು ಹೇಳಲು ಬಾರದಿರುವುದರಿಂದಲೇ ಅವರ ಸಾವು ಯಾರ ಎದೆಯನ್ನೂ ಚುಚ್ಚುವುದಿಲ್ಲ.

ಎಸ್.ಎಸ್.ಎಲ್.ಸಿ.ಯಲ್ಲಿ ಇಷ್ಟು ಅಂಕ ತೆಗೆದರೆ ಬೈಕು ಕೊಡಿಸುವೆನೆಂದು ಮಗನಿಗೆ ಮಾತು ಕೊಡುವ ತಂದೆಯು ಪ್ರತಿಯೊಂದು ಊರಿನಲ್ಲಿಯೂ ಇದ್ದಾನೆ. ಪ್ರೀತಿಯಿಂದಲೇ ಕೊಡುತ್ತಾನೆ. ಮಗನಿಗೆ ಆಗಿನ್ನೂ ಹದಿನಾರು. ಹದಿನಾರರ ಹುಡುಗನಿಗೆ ಗೇರಿಲ್ಲದ, 50 ಸಿ.ಸಿ. ಮೀರದ ವಾಹನಕ್ಕೆ ಮಾತ್ರ ಕಾನೂನಿನಲ್ಲಿ ಅನುಮತಿಯುಂಟು. ಇಂದು ಮಾರಾಟವಾಗುವ ಪೆಟ್ರೋಲಿನ ವಾಹನಗಳಾದರೋ ಬಹುಮಟ್ಟಿಗೆ 100 ಸಿ.ಸಿ.ಯ ಆಸುಪಾಸಿನವು ಅಥವಾ ಅದಕ್ಕೂ ಮೇಲಿನವು. ಊರೊಳಗೆ ಮಾತ್ರ ಓಡಿಸುತ್ತಾನೆ, ಹಾಲಿನ ಡೇರಿಗೆ ಹೋಗಿಬರುತ್ತಾನೆ, ಹೊಲಕ್ಕೆ ಬುತ್ತಿ ಮುಟ್ಟಿಸುತ್ತಾನೆ ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಹೊಲದ ದಾರಿಯು ಹೆದ್ದಾರಿಗೆ ಕೂಡುವುದೆಂಬುದನ್ನು ಹುಡುಗನು ಒಂದೇ ವಾರದಲ್ಲಿ ಕಂಡುಕೊಳ್ಳುತ್ತಾನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅಪ್ರಾಪ್ತ ವಯಸ್ಕನು ವಾಹನದಿಂದ ಅಪರಾಧವೆಸಗಿದರೆ ಪೋಷಕನು ಅಥವಾ ವಾಹನದ ಒಡೆಯನು ಅಪರಾಧಿ. ಮೂರು ವರುಷದವರೆಗಿನ ಸೆರೆಮನೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ದೊರೆಯದು. ಶಾಸನವು ವಿಧಿಯನ್ನು ಕಟಕಟೆಗೆ ಕರೆಯದೆ ತಂದೆಯನ್ನು ಕರೆದುದು ಯೋಗ್ಯವಾಗಿದೆ. ಹೆಣ್ಣುಮಕ್ಕಳ ಅಜಾಗ್ರತೆಯನ್ನು ನೂರು ಕಣ್ಣಿನಿಂದ ನೋಡುವ ಹಿರಿಯರು ಗಂಡುಮಕ್ಕಳ ಈ ಅಜಾಗ್ರತೆಯನ್ನು ಪೌರುಷವೆಂದು ನಕ್ಕು ಬಿಡುವುದನ್ನೂ ಇಲ್ಲಿಯೇ ಹೇಳಬೇಕಾಗಿದೆ.

ಇನ್ನೊಂದು ಬಾಗಿಲಿನ ಬಗೆಗೆ ಜನರು ಮಾತನಾಡಲು ನಾಚುತ್ತಾರೆ. ಮನೆತನದ ಮರ್ಯಾದೆಗಾಗಿ ‘ಹೊಟ್ಟೆನೋವು ತಾಳಲಾರದೆ’ ಎಂದು ಬರೆಯಿಸಿಬಿಡುವ ಸಾವುಗಳವು. 15ರಿಂದ 29 ವರುಷದವರಲ್ಲಿ ಆತ್ಮಹತ್ಯೆಯೇ ಭಾರತದಲ್ಲಿ ಮರಣದ ಮೊದಲ ಕಾರಣವೆಂದು 2021-23ರ ಸರಕಾರೀ ವರದಿಯು ತಿಳಿಸುತ್ತದೆ. 2022ರಲ್ಲಿ ದೇಶದಲ್ಲಿ ದಾಖಲಾದ ಇಂತಹ ಸಾವುಗಳು 1,70,924. ಅವರಲ್ಲಿ ವಿದ್ಯಾರ್ಥಿಗಳು 13,044. ವೃತ್ತಪತ್ರಿಕೆಗಳಲ್ಲಿ ಪರೀಕ್ಷೆಯ ಫಲಿತಾಂಶದ ದಿನದ ಸುದ್ದಿಗಳನ್ನೇ ಓದಿದವರಿಗೆ ಇದು ವಿದ್ಯಾರ್ಥಿಗಳ ರೋಗವೆಂದು ತೋರಬಹುದು. ಆದರೆ ಸತ್ತವರಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ದಿನಗೂಲಿಯವರು. ಗೃಹಿಣಿಯರ ಸಂಖ್ಯೆಯು ವಿದ್ಯಾರ್ಥಿಗಳದಕ್ಕಿಂತ ಬಹಳ ಹೆಚ್ಚು. ಅವರ ಸಾವಿಗೆ ಫಲಿತಾಂಶದ ದಿನವಿಲ್ಲವಾದುದರಿಂದ ಸುದ್ದಿಯಾಗುವುದಿಲ್ಲ.

ಇಲ್ಲಿ ವಿಧಿವಾದಿಗಳು ಗಟ್ಟಿಯಾಗಿ ನಿಲ್ಲುತ್ತಾರೆ. ಸಾಯಬೇಕೆಂದು ನಿಶ್ಚಯಿಸಿದವನನ್ನು ಯಾರು ತಡೆದಾರು, ಒಂದು ದಾರಿ ಮುಚ್ಚಿದರೆ ಮತ್ತೊಂದನ್ನು ಹುಡುಕುತ್ತಾನೆ ಎನ್ನುತ್ತಾರೆ. ಇದಕ್ಕೆ ತರ್ಕಕ್ಕಿಂತ ಉತ್ತಮವಾದ ಉತ್ತರವನ್ನು ಸಿಂಹಳ ದ್ವೀಪವು ಕೊಟ್ಟಿದೆ. ಶ್ರೀಲಂಕೆಯಲ್ಲಿ 1995ರ ಸುಮಾರಿಗೆ ಲಕ್ಷ ಜನರಿಗೆ 50ಕ್ಕೂ ಹೆಚ್ಚು ಮಂದಿ ಹೀಗೆ ಸಾಯುತ್ತಿದ್ದರು. ಜಗತ್ತಿನಲ್ಲಿಯೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೊಂದು. ಅಲ್ಲಿಯ ಸರಕಾರವು ಘೋರ ವಿಷದ ಕೃಷಿ ಕೀಟನಾಶಕಗಳನ್ನು 1995ರಲ್ಲಿ ಕೆಲವು, 1998ರಲ್ಲಿ ಮತ್ತೊಂದು, 2008ರಿಂದ 2011ರೊಳಗೆ ಇನ್ನು ಕೆಲವು, ಹೀಗೆ ಹಂತಹಂತವಾಗಿ ನಿಷೇಧಿಸಿತು. ಬೆಳೆಯೇನೂ ಕುಗ್ಗಲಿಲ್ಲ. 2015ರ ವೇಳೆಗೆ ಆ ಸಾವಿನ ಪ್ರಮಾಣವು ಮೂರನೆಯ ಒಂದು ಪಾಲಿಗಿಂತ ಕೆಳಗಿಳಿದಿತ್ತು; ಇಪ್ಪತ್ತು ವರುಷಗಳಲ್ಲಿ ಸುಮಾರು 93,000 ಜೀವಗಳು ಉಳಿದವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅವರ ಬಡತನ ಹೋಗಿರಲಿಲ್ಲ, ಮನೆಯ ಜಗಳ ನಿಂತಿರಲಿಲ್ಲ, ಮನಸ್ಸಿನ ದುಃಖವೂ ಇದ್ದೇ ಇತ್ತು. ಕೈಗೆಟಕುವಲ್ಲಿ ಇರುತ್ತಿದ್ದ ವಿಷವು ಮೊದಲಿನಷ್ಟು ಘೋರವಾಗಿರಲಿಲ್ಲ, ಅಷ್ಟೆ. ಉಳಿದವರು ಮತ್ತೊಂದು ದಾರಿಯನ್ನು ಹುಡುಕಿಕೊಂಡು ಹೋಗಲಿಲ್ಲ, ಬಹುಮಂದಿ ಬಾಳಿದರು. ಸಾಯುವ ನಿಶ್ಚಯವೆಂದು ಹೊರಗಿನವರು ತಿಳಿಯುವುದು ಬಹುತೇಕ ಒಂದು ರಾತ್ರಿಯ, ಕೆಲವೊಮ್ಮೆ ಒಂದು ಗಳಿಗೆಯ ಕಗ್ಗತ್ತಲೆ. ಆ ಗಳಿಗೆ ದಾಟಿದರೆ ಬೆಳಗಾಗುತ್ತದೆ.

ಶರಣರ ಹೆಸರನ್ನು ಈ ಸಂದರ್ಭದಲ್ಲಿ ಕೆಲವರು ಅಪಾರ್ಥಕ್ಕೆ ಎಳೆಯುವುದುಂಟು. ಬಸವಾದಿ ಪ್ರಮಥರು ಮರಣಕ್ಕೆ ಅಂಜಲಿಲ್ಲ, ಅದನ್ನು ಹಬ್ಬದಂತೆ ಎದುರುಗೊಂಡರು. ಆದುದರಿಂದ ಸಾವಿಗಾಗಿ ಶೋಕಿಸುವುದು, ಸಾವನ್ನು ತಡೆಯಲು ಹೆಣಗುವುದು ಎರಡೂ ಅಜ್ಞಾನವೆಂದು ಅವರ ವಾದ. ತನ್ನ ಮರಣಕ್ಕೆ ಅಂಜದಿರುವುದು ಒಂದು. ನೆರೆಮನೆಯ ಮಗುವಿನ ಮರಣಕ್ಕೆ ಕರಗದಿರುವುದು ಬೇರೊಂದು. ಮೊದಲನೆಯದು ನಿರ್ಭಯತೆ, ಎರಡನೆಯದು ನಿರ್ದಯತೆ. ದಯೆಯೇ ಧರ್ಮಕ್ಕೆ ಬೇರೆಂದು ಸಾರಿದವರು ಪಂಚಾಂಗದ ಗಳಿಗೆಗಳಿಗೂ ಕೇಡಿನ ದಿನಗಳಿಗೂ ಜನರು ಅಂಜುವುದನ್ನು ಬಿಡಿಸಿದ್ದು, ಹೊಣೆಯನ್ನು ಗ್ರಹಗಳಿಂದ ಇಳಿಸಿ ಮನುಷ್ಯನ ನಡೆಯ ಮೇಲಿಡುವುದಕ್ಕಾಗಿ. ಕಾಯವು ಲಿಂಗಕ್ಕೆ ನೆಲೆಯಾದ ಗುಡಿಯೆಂದು ನಂಬಿದವನು ಆ ಗುಡಿ ನಡುಹರೆಯದಲ್ಲಿ ಕುಸಿಯುವುದನ್ನು ನೋಡುತ್ತ ಕುಳಿತುಕೊಳ್ಳಲಾರನು. ತಾನಾಗಿ ಆ ಗುಡಿಯನ್ನು ಕೆಡಹಲು ಹೊರಟವನನ್ನಾದರೂ ಪಾಪಿಯೆಂದು ದೂರ ತಳ್ಳುವುದು ಭಕ್ತನ ಮಾರ್ಗವಲ್ಲ. ಈ ವಿಷಯದಲ್ಲಿ ಈಚಿನ ಶಾಸನವೇ ಎಷ್ಟೋ ಮನೆಗಳಿಗಿಂತ ಕರುಣೆಯುಳ್ಳದ್ದಾಗಿದೆ: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಅಂತಹ ಯತ್ನ ಮಾಡಿದವನನ್ನು ತೀವ್ರವಾದ ಒತ್ತಡಕ್ಕೊಳಗಾದವನೆಂದೇ ಭಾವಿಸಿ, ಅವನಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯವೆಂದು ವಿಧಿಸಿದೆ. 2022ರ ಅಕ್ಟೋಬರಿನಲ್ಲಿ ಭಾರತ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಎಂಬ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ. 14416 ಎಂಬ ದೂರವಾಣಿಗೆ ಹಗಲಿರುಳೂ ಯಾರಾದರೂ ಕರೆಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯ ಗೋಡೆಯ ಮೇಲೆ ವಿದ್ಯುತ್ ಕಚೇರಿಯ ಸಂಖ್ಯೆಯನ್ನು ಬರೆದಿಡುವವರು ಇದನ್ನೂ ಬರೆದಿಡಬಹುದು.

ಉಳಿದ ಬಾಗಿಲುಗಳು ಇಷ್ಟು ವಿವರವನ್ನು ಬೇಡುವುದಿಲ್ಲ; ಅವುಗಳ ಅಗುಳಿ ಎಲ್ಲರಿಗೂ ಕಾಣುತ್ತದೆ. ಈಜು ಬಾರದ ಹುಡುಗರು ಬೇಸಗೆಯ ರಜೆಯಲ್ಲಿ ಕೆರೆ, ಕಲ್ಲುಗಣಿ, ಕೃಷಿಹೊಂಡಗಳಿಗೆ ಇಳಿಯುತ್ತಾರೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಜಾರುವುದರಿಂದ ಬಿದ್ದವನು ಹತ್ತಲಾರನು, ಎತ್ತಲು ಹೋದವನೂ ಮೇಲೆ ಬರಲಾರನು. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಒಂದು ಹಗ್ಗ — ಎಷ್ಟರ ಖರ್ಚು? ಹಾವು ಕಡಿದು ದೇಶದಲ್ಲಿ ವರುಷಕ್ಕೆ ಸುಮಾರು 58,000 ಜನರು ಸಾಯುತ್ತಾರೆಂದು, ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹದಿನೈದು ತುಂಬದ ಮಕ್ಕಳೆಂದು 2000ದಿಂದ 2019ರವರೆಗಿನ ಅಧ್ಯಯನವು ಅಂದಾಜು ಮಾಡಿದೆ. ಕರ್ನಾಟಕವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಸಂಗತಿಯೆಂದು ಘೋಷಿಸಿತು. ಮಂತ್ರಗಾರನ ಅಂಗಳದಲ್ಲಿ ಕಳೆಯುವ ಎರಡು ತಾಸುಗಳನ್ನು ಮಾತ್ರ ಯಾವ ಘೋಷಣೆಯೂ ಉಳಿಸಿಕೊಡಲಾರದು. ಹೆಣ್ಣುಮಕ್ಕಳ ವಿಷಯದಲ್ಲಿ 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವರುಷದ ಸ್ತ್ರೀಯರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಬೆಳೆಯುವ ದೇಹದೊಳಗೆ ಇನ್ನೊಂದು ದೇಹ ಬೆಳೆಯಬೇಕಾದಾಗ ರಕ್ತಹೀನಳಾದ ಬಾಲೆಗೆ ಹೆರಿಗೆಯ ಅಪಾಯವು ಹೆಚ್ಚು. ಲಗ್ನಕ್ಕೆ ಮುಹೂರ್ತವನ್ನು ನೋಡಿದವರು ಹುಡುಗಿಯ ವಯಸ್ಸನ್ನು ನೋಡಿರುವುದಿಲ್ಲ.

ಇಷ್ಟನ್ನು ಕೇಳಿದ ಸಜ್ಜನರೊಬ್ಬರು ಒಂದು ಆಕ್ಷೇಪವನ್ನು ಎತ್ತಬಹುದು, ಅದು ತಳ್ಳಿಹಾಕತಕ್ಕುದಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ವಿಧಿಯೆಂಬ ಒಂದು ಮಾತೇ ಆಧಾರ. ಅದನ್ನೂ ಕಿತ್ತುಕೊಂಡು ‘ನಿನ್ನ ತಪ್ಪಿನಿಂದ ಸತ್ತನು’ ಎಂದರೆ ಅವಳು ಹೇಗೆ ಬದುಕಬೇಕು? ಸತ್ಯ. ಸಾವಾದ ಮನೆಯ ಜಗಲಿಯ ಮೇಲೆ ಕುಳಿತು ಅಂಕಿ ಸಂಖ್ಯೆಗಳನ್ನು ಹೇಳುವವನು ಮನುಷ್ಯನಲ್ಲ. ಅಲ್ಲಿ ವಿಧಿಯೆನ್ನಲಿ, ಶಿವನಿಚ್ಛೆಯೆನ್ನಲಿ, ಏನನ್ನೂ ಎನ್ನದೆ ಕೈಹಿಡಿದು ಕುಳಿತಿರಲಿ. ಕಳೆದುದಕ್ಕೆ ವಿಧಿಯೆನ್ನುವುದು ಸಾಂತ್ವನ. ಬರಲಿರುವುದಕ್ಕೆ ವಿಧಿಯೆನ್ನುವುದು ಅಪರಾಧ. ಮಾತು ಒಂದೇ ಆದರೂ ಅದನ್ನು ಆಡುವ ಹೊತ್ತು ಬೇರೆ. ಆ ತಾಯಿಯ ಮಗನನ್ನು ಯಾರೂ ಮರಳಿ ತರಲಾರರು. ಅವಳ ಮೈದುನನ ಮಗನು ಅದೇ ಓಣಿಯಲ್ಲಿದ್ದಾನೆ, ಅವನಿಗೆ ಮುಂದಿನ ಚೈತ್ರಕ್ಕೆ ಹದಿನಾರು ತುಂಬುತ್ತದೆ.

ಆದುದರಿಂದ ಆರಾಧನೆಯ ದಿನ ಪ್ರಸಾದವಾದ ಮೇಲೆ ಹಿರಿಯರು ಕೂಡಿ ಕುಳಿತಾಗ ಆಡಬೇಕಾದ ಮಾತುಗಳು ಕೆಲವುಂಟು. ತಾಯಿಯ ಕಿವಿಗೆ ಬೀಳದಂತೆ, ಹಿತ್ತಲ ಕಡೆಯ ಪಡಸಾಲೆಯಲ್ಲಿ ಆಡಿದರೂ ಸರಿಯೆ. ಹೆದ್ದಾರಿಗೆ ಊರಿನ ದಾರಿ ಕೂಡುವಲ್ಲಿ ಉಬ್ಬು ಹಾಕಿಸಲು ಪಂಚಾಯಿತಿಗೆ ಅರ್ಜಿ ಕೊಟ್ಟವರು ಯಾರು? ಯಾವ ಯಾವ ಮನೆಗಳಲ್ಲಿ ಕೀಟನಾಶಕದ ಡಬ್ಬಿಯು ಅಡಿಗೆಮನೆಯ ಅಟ್ಟದ ಮೇಲಿದೆ, ಯಾವ ಮನೆಯಲ್ಲಿ ಅದಕ್ಕೆ ಬೀಗದ ಪೆಟ್ಟಿಗೆಯುಂಟು? ಫಲಿತಾಂಶ ಬರುವ ವಾರದಲ್ಲಿ ಯಾರ ಮಗನು ಯಾರೊಡನೆಯೂ ಮಾತನಾಡದೆ ಕೋಣೆ ಸೇರಿದ್ದಾನೆ? ಸತ್ತ ಹುಡುಗನ ಹಿಂದೆ ಕುಳಿತು ಬದುಕಿ ಉಳಿದ ಇಬ್ಬರಲ್ಲಿ ಒಬ್ಬನು ಆಗಲೇ ಅಂಗಳದಲ್ಲಿ ನಿಂತಿರುತ್ತಾನೆ, ಕೈಗೆ ಕಟ್ಟು. ಎಲ್ಲರಿಗೂ ನೀರು ಕೊಡುತ್ತಿರುತ್ತಾನೆ. ಅವನನ್ನು ಹತ್ತಿರ ಕರೆದು, ಬಂದಾಗ ಹೇಗೆ ಬಂದೆ, ಯಾರ ಗಾಡಿಯಲ್ಲಿ ಬಂದೆ ಎಂದು ಕೇಳುವವರು ಒಬ್ಬರಾದರೂ ಆ ಪಡಸಾಲೆಯಲ್ಲಿ ಇರಬೇಕಾಗಿದೆ.